ಗಜನಿ ಭೂಮಿಗಳ ಪುನರುದ್ಧಾರವೂ ಕಾಂಡ್ಲಗಿಡಗಳ ರಕ್ಷಣೆಯೂ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ನದಿಗಳು ಸಮುದ್ರವನ್ನು ಸೇರುವ ಅಳಿವೆಗಳ ಇಕ್ಕೆಲಗಳಲ್ಲಿಯೂ ಗಜನಿ ಎಂದು ಕರೆಯಲ್ಪಡುವ ತಗ್ಗು ಭೂಮಿಗಳಿರುವುವು. ಉಬ್ಬರದ ನೀರು ಏರಿಬರುವ ಕೆಸರು ಬಯಲುಗಳಿಗೆ ಒಡ್ಡನ್ನು ಹಾಕಿ, ಮಳೆಗಾಲದಲ್ಲಿ ಭತ್ತವನ್ನೂ ಮಿಕ್ಕ ಕಾಲದಲ್ಲಿ ಮೀನು ಸಿಗಡಿಗಳನ್ನೂ ಪಡೆಯುವ ಈ ಏರ್ಪಾಡು ಬಹು ಪುರಾತನವಾದುದು. ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಮಾಣಿಕಟ್ಟಾ, ಮಾಸೂರು, ಲುಕ್ಕೇರಿ ಮೊದಲಾದ ಊರುಗಳ ಜನರು ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದಿರುವರು. ಆದರೆ ಇಂದು ಅನೇಕ ಗಜನಿಗಳು ಬೆಳೆಯಿಲ್ಲದೆ ಹಾಳುಬಿದ್ದಿರುವುವು. ಇವುಗಳನ್ನು ಮರಳಿ ಸಾಗುವಳಿಗೆ ತರಬೇಕೆಂದು ಹೊರಡುವ ಜಮೀನುದಾರರು ಮೊದಲು ಒಡ್ಡಿನ ಕಲ್ಲು, ಸಿಮೆಂಟುಗಳ ಲೆಕ್ಕವನ್ನೇ ಹಾಕುವುದು ವಾಡಿಕೆಯಾಗಿದೆ. ಅದಕ್ಕಿಂತ ಮೊದಲು ನೀರಿನ ನಡೆಯನ್ನೂ, ಒಡ್ಡಿನ ಹೊರಗೆ ನಿಂತಿರುವ ಕಾಂಡ್ಲಗಿಡಗಳನ್ನೂ ಕುರಿತು ವಿಚಾರಿಸತಕ್ಕದ್ದು ಅವಶ್ಯವೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವು.

ಗಜನಿಯ ಸ್ವರೂಪ

ಅಘನಾಶಿನಿ ನದಿಯು ಶಿರಸಿಯ ಶಂಕರ ಹೊಂಡದ ಬಳಿ ಹುಟ್ಟಿ, ಯಾವ ಅಣೆಕಟ್ಟಿಗೂ ಸಿಕ್ಕದೆ ಹರಿದು, ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವುದು. ಮಳೆಗಾಲದಲ್ಲಿ ಘಟ್ಟದಿಂದ ಇಳಿದು ಬರುವ ಸಿಹಿನೀರು ಅಳಿವೆಯ ಉಪ್ಪನ್ನು ಹಿಂದಕ್ಕೆ ತಳ್ಳುವುದು. ಬೇಸಗೆಯಲ್ಲಿ ಸಮುದ್ರದ ನೀರು ಒಳನಾಡಿನವರೆಗೂ ಏರುವುದು. ಸಾಧಾರಣ ಭತ್ತವು ಮಣ್ಣಿನ ಉಪ್ಪಿನ ಅಳತೆಯು ಮೀಟರಿಗೆ 3 ಡೆಸಿಸೀಮನ್ಸ್ ಮೀರಿದೊಡನೆ ಇಳುವರಿಯಲ್ಲಿ ಕುಗ್ಗತೊಡಗುವುದು. ಸಮುದ್ರದ ನೀರಿನಲ್ಲಿಯಾದರೋ ಅದೇ ಅಳತೆಯು ಸುಮಾರು 50 ಇರುವುದು. ಆದಕಾರಣ ಗಜನಿಯ ಬೇಸಾಯವೆಲ್ಲವೂ ಉಪ್ಪುನೀರನ್ನು ಯಾವಾಗ ಒಳಗೆ ಬಿಡಬೇಕು, ಯಾವಾಗ ತಡೆಯಬೇಕು ಎಂಬುದನ್ನೇ ಅವಲಂಬಿಸಿರುವುದು. ಈ ಕೆಲಸವನ್ನು ಮಾಡುವುದು ಒಡ್ಡಿನಲ್ಲಿ ಇಟ್ಟಿರುವ ತೂಬು. ಉಬ್ಬರದಲ್ಲಿ ಅದರ ಹಲಗೆಯನ್ನು ಮುಚ್ಚಿ ಉಪ್ಪನ್ನು ತಡೆಯುವುದು, ಇಳಿತದಲ್ಲಿ ತೆಗೆದು ಮಳೆಯ ನೀರನ್ನು ಹೊರಕ್ಕೆ ಬಿಡುವುದು, ಇವೇ ಬೆಳೆಯ ಕಾಲದ ಮುಖ್ಯ ಕೆಲಸಗಳು.

ಕಗ್ಗದ ಬೇಸಾಯ

ಈ ಭೂಮಿಗೆ ಒಗ್ಗಿದ ಭತ್ತದ ತಳಿಗೆ ಕಗ್ಗವೆಂದು ಹೆಸರು. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಬಿತ್ತುವರು. ಪೈರು ಎತ್ತರವಾಗಿ ಬೆಳೆಯುವುದು. ಪ್ರವಾಹದಲ್ಲಿ ಕೆಲವು ದಿವಸ ಮುಳುಗಿದ್ದರೂ ಚೇತರಿಸಿಕೊಳ್ಳುವುದು. ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ಹಾಕುವ ರೂಢಿಯಿಲ್ಲ. ನೀರಿನೊಡನೆ ಬಂದು ನಿಲ್ಲುವ ಮೆಕ್ಕಲು ಮಣ್ಣೇ ಗೊಬ್ಬರವಾಗುವುದು. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದುಕೊಂಡು ಹುಲ್ಲನ್ನು ಗದ್ದೆಯಲ್ಲಿಯೇ ಬಿಡುವರು. ಆಮೇಲೆ ತೂಬನ್ನು ತೆರೆದರೆ ಉಬ್ಬರದೊಡನೆ ಸಿಗಡಿ ಮೀನುಗಳ ಮರಿಗಳು ಒಳಗೆ ಬಂದು, ಕೊಳೆಯುವ ಹುಲ್ಲಿನ ಆಶ್ರಯದಲ್ಲಿ ಬೆಳೆಯುವುವು. ಹೀಗೆ ಒಂದೇ ಭೂಮಿಯು ಒಂದೇ ವರ್ಷದಲ್ಲಿ ಅನ್ನವನ್ನೂ ಮೀನನ್ನೂ ಕೊಡುವುದು.

ಕಗ್ಗದ ಬೀಜವು ಕೇವಲ ಒಂದೆರಡು ಊರುಗಳ ಸ್ವತ್ತೆಂದು ಉಪೇಕ್ಷಿಸಬಾರದು. ನೆರೆಯ ಕೇರಳದಲ್ಲಿ ಇದೇ ವಿಧವಾದ ಭೂಮಿಗಳಲ್ಲಿ ಬೆಳೆಯುವ ಪೊಕ್ಕಾಲಿ ಎಂಬ ತಳಿಯಿಂದಲೇ, ಎಳೆಯ ಪೈರಿಗೆ ಉಪ್ಪನ್ನು ತಾಳುವ ಶಕ್ತಿಯನ್ನು ಕೊಡುವ ಸಾಲ್ಟಾಲ್ ಎಂಬ ಗುಣಾಂಶವನ್ನು ಶೋಧಕರು ಪಡೆದರು. ಇಂದು ಅನೇಕ ದೇಶಗಳಲ್ಲಿ ಹೊಸ ತಳಿಗಳಿಗೆ ಅದನ್ನು ಸೇರಿಸಲಾಗುತ್ತಿದೆ. ತಳಿಯೊಂದು ಊರಿನಿಂದ ಒಮ್ಮೆ ಅಳಿದುಹೋದರೆ ಅದನ್ನು ಯಾವ ಕಚೇರಿಯೂ ಮರಳಿ ತಂದುಕೊಡಲಾರದು.

ಹಾಳಾದುದಕ್ಕೆ ಕಾರಣಗಳು

ಪೂರ್ವದಲ್ಲಿ ಒಡ್ಡುಗಳು ಮಣ್ಣಿನವಾಗಿದ್ದುವು. ಪ್ರತಿವರ್ಷವೂ ಊರವರೆಲ್ಲರೂ ಸೇರಿ ಅವುಗಳನ್ನು ದುರಸ್ತಿ ಮಾಡುತ್ತಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಖಾರ್‌ಲ್ಯಾಂಡ್ ಯೋಜನೆಯ ಮೂಲಕ ಕಲ್ಲಿನ ಶಾಶ್ವತ ಒಡ್ಡುಗಳು ಬಂದುವು. ಇದರಿಂದ ಅನುಕೂಲವಾಯಿತಾದರೂ ಊರವರು ಒಟ್ಟುಗೂಡಿ ದುಡಿಯುವ ಪದ್ಧತಿಯು ಸಡಿಲವಾಯಿತು. ಅನಂತರ 1990ರ ದಶಕದಲ್ಲಿ ಸಿಗಡಿಯ ಬೆಲೆಯು ಏರಲು, ಅನೇಕ ಗಜನಿಗಳು ವರ್ಷವಿಡೀ ಉಪ್ಪುನೀರು ನಿಲ್ಲುವ ಸಿಗಡಿ ಕೊಳಗಳಾದುವು. ಅದೇ ದಶಕದಲ್ಲಿ ಬಿಳಿಚುಕ್ಕೆ ರೋಗವು ದೇಶದ ಸಿಗಡಿ ಕೃಷಿಗೆ ತಗುಲಿ ಅಪಾರ ನಷ್ಟವಾಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಪದ್ಧತಿಯವನ್ನುಳಿದು ಇತರ ಸಿಗಡಿ ಕೊಳಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ಲಾಭವು ನಿಂತಿತು, ಒಡ್ಡುಗಳನ್ನು ನೋಡಿಕೊಳ್ಳುವವರಿಲ್ಲದೆ ಅಲ್ಲಲ್ಲಿ ಬಿರುಕುಬಿಟ್ಟುವು, ಅಷ್ಟು ಹೊತ್ತಿಗೆ ಹಲವು ಮನೆಗಳಲ್ಲಿ ಕಗ್ಗದ ಬೀಜವೂ ತೀರಿಹೋಗಿದ್ದಿತು.

ಮತ್ತೊಂದು ದೋಷವು ಮಣ್ಣಿನೊಳಗಿನದು. ಉಬ್ಬರದ ಕೆಸರಿನಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟ್ ಎಂಬ ಪದಾರ್ಥವಿರುವುದುಂಟು. ನೀರಿನಡಿಯಲ್ಲಿರುವವರೆಗೆ ಅದರಿಂದ ಬಾಧೆಯಿಲ್ಲ. ಒಡ್ಡಿನಿಂದ ನೀರನ್ನು ಪೂರ್ತಿಯಾಗಿ ತಡೆದು ನೆಲವನ್ನು ಬಹುಕಾಲ ಒಣಗಿಸಿದರೆ, ಗಾಳಿಯು ತಗುಲಿ ಅದು ಗಂಧಕಾಮ್ಲವಾಗಿ ಪರಿಣಮಿಸುವುದು. ಅಂಥ ಮಣ್ಣಿನಲ್ಲಿ ಪೈರಿನ ಬೇರು ಸುಟ್ಟಂತಾಗುವುದು. ಹೊರಬಿದ್ದ ನೀರು ಹಳ್ಳದ ಮೀನಿಗೂ ವಿಷವಾಗುವುದು. ಆದುದರಿಂದ ಉಬ್ಬರವನ್ನು ಶಾಶ್ವತವಾಗಿ ಹೊರಗಿಡುವುದೂ, ಅದನ್ನು ಅಂಕೆಯಿಲ್ಲದೆ ಒಳಗೆ ಬಿಡುವುದೂ ಸಮಾನವಾದ ತಪ್ಪುಗಳು.

ಕಾಂಡ್ಲಗಿಡಗಳ ಉಪಯೋಗ

ಒಡ್ಡಿನ ಹೊರಮೈಗೆ ಅಲೆಯು ದಿನಕ್ಕೆ ಎರಡು ಸಲ ಬಡಿಯುವುದು. ಅಲ್ಲಿ ಕಾಂಡ್ಲ, ಉಪ್ಪಟ್ಟಿ ಮೊದಲಾದ ಗಿಡಗಳ ಪಟ್ಟಿಯಿದ್ದರೆ ಅಲೆಯ ವೇಗವು ಬೇರುಗಳಲ್ಲಿಯೇ ಮುರಿಯುವುದು, ಮೆಕ್ಕಲು ಅಲ್ಲಿಯೇ ನಿಂತು ಒಡ್ಡಿನ ಬುಡವು ಗಟ್ಟಿಯಾಗುವುದು. ಸೌದೆಗಾಗಿ ಆ ಗಿಡಗಳನ್ನು ಕಡಿದ ಮೇಲೆ ಒಡ್ಡಿನ ದುರಸ್ತಿಯ ವೆಚ್ಚವು ಏರುವುದು ಸಹಜವೇ ಆಗಿದೆ. ಈ ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಆಶ್ರಯ ಪಡೆಯುವುವು. ಅಘನಾಶಿನಿಯ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಗಳನ್ನು ತೆಗೆಯುತ್ತಿದ್ದರೆಂದೂ, ಎರಡು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ಅದರಿಂದ ಜೀವನವು ನಡೆಯುತ್ತಿದ್ದಿತೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶೋಧಕರು 2008ರಲ್ಲಿ ಪ್ರಕಟಿಸಿರುವರು. ಇವರಲ್ಲಿ ಬಹುಮಂದಿ ಭೂಮಿಯಿಲ್ಲದ ಬಡವರು. ಜಮೀನುದಾರನ ಒಡ್ಡಿನ ಕೆಲಸವು ಇವರ ಅನ್ನಕ್ಕೂ ಸಂಬಂಧಿಸಿದುದೆಂಬುದನ್ನು ಗ್ರಾಮದ ಮುಖಂಡರು ಮರೆಯಕೂಡದು.

ಕಾಂಡ್ಲದ ಪಟ್ಟಿಯು ಪ್ರಾಣವನ್ನು ಕೂಡ ಉಳಿಸುವುದೆಂಬುದಕ್ಕೆ ಪೂರ್ವ ಕರಾವಳಿಯಲ್ಲಿ ನಿದರ್ಶನವಿದೆ. 1999ರ ಅಕ್ಟೋಬರ್ 29ರಂದು ಒಡಿಶಾವನ್ನು ಹೊಡೆದ ಭಾರಿ ಚಂಡಮಾರುತದ ವಿಷಯವಾಗಿ ಸೌದಾಮಿನಿ ದಾಸ್, ಜೆಫ್ರಿ ವಿನ್ಸೆಂಟ್ ಎಂಬ ಪಂಡಿತರು ಶೋಧನೆ ನಡೆಸಿ, 2009ರಲ್ಲಿ ಅದರ ಫಲವನ್ನು ಹೊರಪಡಿಸಿದರು. ಕೇಂದ್ರಪಾಡ ಜಿಲ್ಲೆಯಲ್ಲಿ ಸಮುದ್ರಕ್ಕೂ ತಮಗೂ ನಡುವೆ ಅಗಲವಾದ ಕಾಂಡ್ಲವನವನ್ನು ಉಳಿಸಿಕೊಂಡಿದ್ದ ಗ್ರಾಮಗಳಲ್ಲಿ, ಅದು ಕಿರಿದಾಗಿದ್ದ ಅಥವಾ ಇಲ್ಲದಿದ್ದ ಗ್ರಾಮಗಳಿಗಿಂತ ಮರಣಗಳು ಕಡಮೆಯಾಗಿದ್ದುವು.

ಅನ್ಯದೇಶಗಳ ಅನುಭವ

ಇಷ್ಟು ಉಪಯೋಗವಿದೆಯೆಂದು ಸಸಿಗಳನ್ನು ಸಿಕ್ಕಲ್ಲಿ ನೆಟ್ಟರೆ ಪ್ರಯೋಜನವಿಲ್ಲ. ಫಿಲಿಪೈನ್ಸ್ ದೇಶದಲ್ಲಿ ಬಹು ಹಣವನ್ನು ವೆಚ್ಚಮಾಡಿ ನೆಟ್ಟ ತೋಪುಗಳನ್ನು ಪ್ರಿಮವೇರಾ, ಎಸ್ಟೆಬಾನ್ ಎಂಬವರು ಪರಿಶೀಲಿಸಿದಾಗ, ಬಹುಕಾಲ ಬದುಕಿ ಉಳಿದವು ನೂರಕ್ಕೆ 10ರಿಂದ 20 ಮಾತ್ರ ಎಂದು 2008ರಲ್ಲಿ ತಿಳಿದುಬಂದಿತು. ಕಾರಣವು ಸರಳವಾದುದು. ಒಡೆತನದ ವ್ಯಾಜ್ಯವಿಲ್ಲದ ಸ್ಥಳವೆಂದು ಸಮುದ್ರದ ಕಡೆಯ ತಗ್ಗು ಕೆಸರಿನಲ್ಲಿ ನೆಟ್ಟಿದ್ದರು. ಅಲ್ಲಿ ಸಸಿಯು ಬಹು ಹೊತ್ತು ನೀರಿನಲ್ಲಿ ಮುಳುಗಿರುವುದು, ಅಲೆಯು ಕಿತ್ತುಹಾಕುವುದು, ಚಿಪ್ಪುಹುಳುಗಳು ಕಾಂಡಕ್ಕೆ ಅಂಟಿ ಬಗ್ಗಿಸುವುವು. ಇದಕ್ಕೆ ಪ್ರತಿಯಾಗಿ ಅಮೆರಿಕಾ ದೇಶದ ಫ್ಲಾರಿಡಾದಲ್ಲಿ ರಾಯ್ ಲೂಯಿಸ್ ಎಂಬ ತಜ್ಞರು ವೆಸ್ಟ್ ಲೇಕ್ ಎಂಬಲ್ಲಿ ಸಸಿಗಳನ್ನೇ ನೆಡದೆ, ಹಿಂದೆ ತುಂಬಿಸಿದ್ದ ಮಣ್ಣನ್ನು ತೆಗೆಯಿಸಿ ಉಬ್ಬರದ ನೀರಿಗೆ ದಾರಿ ಮಾಡಿಕೊಟ್ಟರು. ಬೀಜಗಳು ನೀರಿನೊಡನೆ ತೇಲಿಬಂದು, ಆರೇಳು ವರ್ಷಗಳಲ್ಲಿ ವನವು ತಾನಾಗಿಯೇ ಎದ್ದಿತು. ನೀರಿನ ನಡೆ ಮೊದಲು, ಸಸಿ ಆಮೇಲೆ ಎಂಬುದೇ ಇದರ ಸಾರಾಂಶ.

ಅನುಸರಿಸತಕ್ಕ ಕ್ರಮ

ಒಂದನೆಯದಾಗಿ, ಒಡ್ಡಿನ ದುರಸ್ತಿಗೆ ಮುಂಚೆ ಒಂದು ಹುಣ್ಣಿಮೆ ಒಂದು ಅಮಾವಾಸ್ಯೆಯ ಉಬ್ಬರಗಳನ್ನು ನೋಡಿ, ನೀರು ಏರುವ ಮಟ್ಟಕ್ಕೆ ಗೂಟಗಳನ್ನು ಹೊಡೆದು ಗುರುತಿಟ್ಟುಕೊಳ್ಳಬೇಕು. ತೂಬಿನ ತಳವನ್ನೂ ಒಡ್ಡಿನ ಎತ್ತರವನ್ನೂ ಈ ಗುರುತಿನಿಂದ ನಿಷ್ಕರ್ಷಿಸತಕ್ಕದ್ದು, ಅಂದಾಜಿನಿಂದ ಕೂಡದು.

ಎರಡನೆಯದಾಗಿ, ಒಡ್ಡಿಗೆ ಬೇಕಾದ ಮಣ್ಣನ್ನು ಹೊರಗಿನ ಕಾಂಡ್ಲದ ಬುಡದಿಂದ ತೆಗೆಯಲೇಬಾರದು. ಈಗ ಇರುವ ಗಿಡಗಳನ್ನು ಉಳಿಸಿಕೊಳ್ಳುವುದು ಹೊಸದಾಗಿ ನೆಡುವುದಕ್ಕಿಂತ ಅಗ್ಗವೂ ನಿಶ್ಚಯವೂ ಆದ ಉಪಾಯವು.

ಮೂರನೆಯದಾಗಿ, ಹೊಸದಾಗಿ ನೆಡುವಲ್ಲಿ ಹತ್ತಿರದಲ್ಲಿ ತಾವಾಗಿ ಬೆಳೆದ ಗಿಡಗಳು ಯಾವ ಮಟ್ಟದಲ್ಲಿ ನಿಂತಿರುವುವೋ ಅದೇ ಮಟ್ಟವನ್ನು ಆರಿಸಬೇಕು. ಸಾಮಾನ್ಯವಾಗಿ ದಿನದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಾಲ ನೀರು ನಿಲ್ಲುವ ಸ್ಥಳವು ಕೆಲಸಕ್ಕೆ ಬಾರದು. ಕಾಂಡ್ಲದ ಬೀಜವು ಮರದ ಮೇಲೆಯೇ ಮೊಳೆತು ಕೋಲಿನಂತೆ ನೇತಾಡುವುದು. ಬಲಿತು ತಾನಾಗಿ ಉದುರಿದ ಕೋಲುಗಳನ್ನು ಆರಿಸಿ, ಉದ್ದದಲ್ಲಿ ಮೂರನೆಯ ಒಂದು ಭಾಗವು ಕೆಸರಿನಲ್ಲಿರುವಂತೆ ನೇರವಾಗಿ ಊರಿದರೆ ಸಾಕು. ಉಪ್ಪಟ್ಟಿಯ ಬೀಜವು ಸಣ್ಣದಾದುದರಿಂದ ಅದನ್ನು ಚೀಲಗಳಲ್ಲಿ ಸಸಿಮಾಡಿ ನೆಡುವುದು ಮೇಲು. ಹೊಳೆಯ ದಡವು ಸರ್ಕಾರದ ಸ್ವತ್ತಾಗಿದ್ದಲ್ಲಿ ಅರಣ್ಯ ಇಲಾಖೆಯವರ ಅನುಮತಿಯನ್ನು ಪಡೆದೇ ಈ ಕೆಲಸವನ್ನು ಮಾಡಬೇಕು.

ನಾಲ್ಕನೆಯದಾಗಿ, ಮೊದಲ ಎರಡು ವರ್ಷ ದನಕರುಗಳನ್ನು ಅತ್ತ ಬಿಡದಂತೆ ಊರಿನಲ್ಲಿ ಕಟ್ಟುಪಾಡು ಮಾಡತಕ್ಕದ್ದು.

ಐದನೆಯದಾಗಿ, ಗಜನಿಯೊಂದರ ಹಿಡುವಳಿದಾರರೆಲ್ಲರೂ ಸೇರಿ ತೂಬನ್ನು ತೆಗೆಯುವ ಮುಚ್ಚುವ ದಿನಗಳನ್ನು ಒಮ್ಮತದಿಂದ ಗೊತ್ತುಮಾಡಬೇಕು. ಒಬ್ಬನು ಮೀನಿನ ಆಸೆಯಿಂದ ಅಕಾಲದಲ್ಲಿ ಹಲಗೆಯನ್ನು ತೆಗೆದರೆ ನೂರು ಎಕರೆಯ ಪೈರು ಕೆಡುವುದು. ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವಾಗ, ಬಿತ್ತನೆಗೆ ಸಾಕಷ್ಟು ಮುಂಚೆ ಗದ್ದೆಯನ್ನು ಬಿಟ್ಟುಕೊಡತಕ್ಕದ್ದೆಂಬ ಷರತ್ತನ್ನು ಬರವಣಿಗೆಯಲ್ಲಿಯೇ ಹಾಕಿಕೊಳ್ಳುವುದು ಕ್ಷೇಮ.

ಕಾಯಿದೆಯ ವಿಚಾರ

ಕಾಂಡ್ಲವನ್ನು ಬೆಳೆಯಿಸಿದರೆ ಭೂಮಿಯು ಕೈಬಿಟ್ಟುಹೋಗುವುದೆಂಬ ಭಯವು ಕೆಲವರಲ್ಲಿರುವುದು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ 1,000 ಚದರ ಮೀಟರಿಗೆ ಮೀರಿದ ಕಾಂಡ್ಲವನದ ಸುತ್ತ 50 ಮೀಟರ್ ರಕ್ಷಣಾಪಟ್ಟಿಯನ್ನು ಬಿಡಬೇಕು. ಖಾಸಗಿ ಭೂಮಿಯಲ್ಲಿರುವ ಕಾಂಡ್ಲಕ್ಕೆ ಈ ಪಟ್ಟಿಯ ನಿರ್ಬಂಧವಿಲ್ಲ. ಆದರೂ ಬೆಳೆದುನಿಂತ ಕಾಂಡ್ಲವನಕ್ಕೆ ಕಾಯಿದೆಯ ರಕ್ಷಣೆಯಿರುವುದರಿಂದ, ಭತ್ತ ಬೆಳೆಯುವ ಗದ್ದೆಯೊಳಗೆ ಅದನ್ನು ನೆಡದೆ, ಒಡ್ಡಿನ ಹೊರಗೆ ಹೊಳೆಯ ಕಡೆಗೆ ಮಾತ್ರ ನೆಡುವುದು ವಿವೇಕವು. ಗದ್ದೆಯನ್ನು ವರ್ಷಗಟ್ಟಲೆ ಪಾಳುಬಿಟ್ಟರೆ ಗಿಡಗಳು ತಾವಾಗಿಯೇ ಒಳಗೆ ಹಬ್ಬುವುವು. ಸಾಗುವಳಿಯನ್ನು ಮುಂದುವರಿಸುವುದೇ ಇದಕ್ಕೆ ತಕ್ಕ ಪರಿಹಾರ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿರುವುದು. ಅಂತರರಾಷ್ಟ್ರೀಯ ಮಹತ್ವದ ಜಲಭೂಮಿಗಳ ಈ ಪಟ್ಟಿಗೆ ಸೇರಿದ ಮಾತ್ರದಿಂದ ಯಾರ ಹಿಡುವಳಿಯ ಹಕ್ಕೂ ಹೋಗುವುದಿಲ್ಲ. ಜಲಭೂಮಿಯನ್ನು ಕೆಡಿಸದೆ ವಿವೇಕದಿಂದ ಉಪಯೋಗಿಸುವುದೇ ಆ ಒಪ್ಪಂದದ ತತ್ತ್ವವು, ಕಗ್ಗದ ಬೇಸಾಯವು ಅದಕ್ಕೆ ಪೂರ್ಣವಾಗಿ ಹೊಂದುವಂಥದು. 2023ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಮಿಷ್ಟಿ ಯೋಜನೆಯು ಐದು ವರ್ಷಗಳಲ್ಲಿ ದೇಶದ ಸುಮಾರು 540 ಚದರ ಕಿಲೋಮೀಟರ್ ಕರಾವಳಿ ಪ್ರದೇಶದಲ್ಲಿ ಕಾಂಡ್ಲವನಗಳನ್ನು ಬೆಳೆಯಿಸುವ ಉದ್ದೇಶವುಳ್ಳದ್ದಾಗಿದೆ. ಗ್ರಾಮ ಪಂಚಾಯಿತಿಗಳು ಇಂಥ ಸಹಾಯವನ್ನು ಕೇಳುವಾಗ, ಯಾವ ಮಟ್ಟದಲ್ಲಿ ನೆಡಬೇಕೆಂಬ ನಕ್ಷೆಯನ್ನು ತಾವೇ ಸಿದ್ಧಪಡಿಸಿಕೊಂಡು ಹೋದರೆ ಹಣವು ಕೆಸರಿನ ಪಾಲಾಗುವುದಿಲ್ಲ.

ಒಡ್ಡು, ತೂಬು, ಕಾಂಡ್ಲ, ಕಗ್ಗ ಇವು ನಾಲ್ಕೂ ಒಂದೇ ಏರ್ಪಾಡಿನ ಅಂಗಗಳು. ಒಂದು ಕೆಟ್ಟರೆ ಮಿಕ್ಕವು ನಿಲ್ಲಲಾರವು. ಕಗ್ಗದ ಬೀಜವಿರುವ ಮನೆಯವರು ಈ ಸಲದ ಸುಗ್ಗಿಯಲ್ಲಿ ಕೆಲವು ಕೊಳಗಗಳನ್ನಾದರೂ ಬೇರೆಯಾಗಿ ತೆಗೆದಿಟ್ಟು ನೆರೆಯವರಿಗೆ ಹಂಚತಕ್ಕದ್ದು. ಗ್ರಾಮದ ಮುಖಂಡರು ಬೇಸಗೆಯು ಮುಗಿಯುವುದರೊಳಗಾಗಿ ಹಿಡುವಳಿದಾರರ ಸಭೆಯನ್ನು ಕರೆದು, ಒಡ್ಡಿನ ದುರಸ್ತಿ, ತೂಬಿನ ಸರದಿ, ಕಾಂಡ್ಲದ ಕಾವಲು ಇವುಗಳನ್ನು ಗೊತ್ತುಮಾಡಿದರೆ, ಬರುವ ಮಳೆಗಾಲದಲ್ಲಿಯೇ ಪಾಳುಬಿದ್ದ ಗಜನಿಯ ಒಂದು ಭಾಗವಾದರೂ ಹಸುರಾಗಿ ಕಾಣುವುದರಲ್ಲಿ ಸಂದೇಹವಿಲ್ಲ.