ಟರ್ಫ್ ಬರಲಿ, ಮೈದಾನ ಮಕ್ಕಳದೇ ಆಗಿರಲಿ

ಮುಂಬಯಿಯ ಪಶ್ಚಿಮ ಉಪನಗರದಲ್ಲಿ ನನ್ನ ಮಗ ಓದುತ್ತಿರುವುದು ಒಂದು ಕ್ಯಾಥೊಲಿಕ್ ಹುಡುಗರ ಶಾಲೆಯಲ್ಲಿ. ಅದರ ಮೈದಾನಕ್ಕೆ ಕೃತಕ ಹುಲ್ಲು, ಅಂದರೆ ಟರ್ಫ್, ಹಾಸುವ ಮಾತು ಈ ವರ್ಷ ಜೋರಾಗಿದೆ. ಪಾಲಕರ ಸಭೆಯಲ್ಲಿ ಎರಡು ಪಂಗಡ. ‘ಒಳ್ಳೆಯ ಸೌಕರ್ಯ, ಬೇಗ ಆಗಲಿ’ ಎನ್ನುವವರು ಒಂದು ಕಡೆ, ‘ಪ್ಲಾಸ್ಟಿಕ್ ಬೇಡ, ಹುಲ್ಲೇ ಇರಲಿ’ ಎನ್ನುವವರು ಇನ್ನೊಂದು ಕಡೆ. ಆದರೆ ಹುಲ್ಲು ಎಲ್ಲಿದೆ? ನಮ್ಮಲ್ಲಿರುವುದು ಕೆಂಪು ಮಣ್ಣು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು.

ಟರ್ಫ್ ಕೇಳುವವರ ಮಾತಿನಲ್ಲಿ ಹುರುಳಿದೆ. ಹಾಕಿಯನ್ನೇ ನೋಡಿ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ಭಾರತ ವಿಶ್ವಕಪ್ ಗೆದ್ದಿತು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ನಡೆಯಿತು. ನಮಗೆ ಸಿಕ್ಕಿದ್ದು ಏಳನೆಯ ಸ್ಥಾನ. ಈಗ ದೊಡ್ಡ ಹಾಕಿಯೆಲ್ಲ ಟರ್ಫ್ ಮೇಲೆಯೇ. ಬಾಂದ್ರಾದ ಸೇಂಟ್ ಸ್ಟ್ಯಾನಿಸ್ಲಾಸ್‌ನಂಥ ಕ್ಯಾಥೊಲಿಕ್ ಶಾಲೆಗಳು ಈ ನಗರದ ಹಾಕಿಯನ್ನು ಬೆಳೆಸಿದವು. ಅಂಥ ಪರಂಪರೆಯ ಹುಡುಗರು ಮಣ್ಣಿನಲ್ಲಿ ಕಲಿತು, ಪಂದ್ಯದ ದಿನ ಚೆಂಡಿನ ವೇಗಕ್ಕೆ ತಬ್ಬಿಬ್ಬಾಗಬಾರದು.

ಆದರೆ ಟರ್ಫ್ ಎಂದರೆ ಒಮ್ಮೆ ಹಾಸಿ ಮರೆಯುವ ಚಾಪೆಯಲ್ಲ. ಅಡಿಯಲ್ಲಿ ಜಲ್ಲಿಯ ಪದರ ಸರಿಯಿಲ್ಲದಿದ್ದರೆ ಮುಂಬಯಿಯ ಒಂದೇ ಮಳೆಗೆ ನೀರು ನಿಲ್ಲುತ್ತದೆ. ಎಂಟು-ಹತ್ತು ವರ್ಷಕ್ಕೆ ಎಳೆಗಳು ಸವೆಯುತ್ತವೆ, ಹೊಸದಾಗಿ ಹಾಸಬೇಕು. ಮಧ್ಯಾಹ್ನದ ಬಿಸಿಲಿಗೆ ಅದರ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಫುಟ್‌ಬಾಲ್ ಟರ್ಫ್‌ನ ಎಳೆಗಳ ನಡುವೆ ತುಂಬುವ ರಬ್ಬರ್ ಹರಳುಗಳು ಮಳೆ ನೀರಿನೊಡನೆ ಚರಂಡಿ ಸೇರುತ್ತವೆ. ಸೂಕ್ಷ್ಮ ಪ್ಲಾಸ್ಟಿಕ್ ಹರಡುವ ಇಂಥ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶ ಕೊಟ್ಟು ನಿಲ್ಲಿಸಲು ಐರೋಪ್ಯ ಒಕ್ಕೂಟ 2023ರಲ್ಲೇ ನಿಯಮ ಮಾಡಿದೆ. ಅಲ್ಲಿ ಬೇಡವಾದದ್ದನ್ನು ನಾವು ಹೊಸದಾಗಿ ಏಕೆ ತರಬೇಕು?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಮಾತು. ಹಾಕಿದ ಹಣ ಮರಳಿ ಬರಲು ಸಂಜೆ ಮತ್ತು ರಜಾದಿನ ಮೈದಾನವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡಬೇಕು ಎಂಬ ಸಲಹೆ ಬಂದಿದೆ. ಈಗ ಭಾನುವಾರ ಗೇಟು ತೆರೆದೇ ಇರುತ್ತದೆ. ಪಕ್ಕದ ಚಾಳಿನ ಮಕ್ಕಳು, ವಾಚ್‌ಮನ್ ಮಗ, ನಮ್ಮ ಮಕ್ಕಳು ಎಲ್ಲ ಒಟ್ಟಿಗೆ ಆಡುತ್ತಾರೆ. ಟರ್ಫ್ ಬಿದ್ದ ಮೇಲೆ ಆ ಹೊತ್ತು ಆಫೀಸಿನವರ ಬಾಕ್ಸ್ ಕ್ರಿಕೆಟ್‌ಗೆ ಮೀಸಲಾದರೆ, ಮೈದಾನ ಹಸಿರಾಗಿಯೂ ಮಕ್ಕಳ ಪಾಲಿಗೆ ಇಲ್ಲವಾದಂತೆಯೇ.

ಊರಿನಲ್ಲಿ ನಮಗೆ ಕೊಯ್ಲು ಮುಗಿದ ಗದ್ದೆಯೇ ಮೈದಾನ. ಯಾರೂ ಬಾಡಿಗೆ ಕೇಳಲಿಲ್ಲ. ಈ ನಗರಕ್ಕೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗಂತೂ ಆಡುವ ಹೊತ್ತೇ ಸಿಗಲಿಲ್ಲ. ಅವರ ಮೊಮ್ಮಕ್ಕಳಿಗೆ ಸಿಕ್ಕಿರುವ ಈ ಜಾಗ ಸಣ್ಣದೇನಲ್ಲ.

ಹಾಗಾಗಿ ಮುಂದಿನ ಸಭೆಯಲ್ಲಿ ನಾನು ಟರ್ಫ್ ಪರವಾಗಿಯೇ ಕೈ ಎತ್ತುತ್ತೇನೆ, ನಾಲ್ಕು ಷರತ್ತುಗಳೊಂದಿಗೆ. ಶಾಲೆಯ ದಿನಗಳಲ್ಲಿ ಸಂಜೆ ಏಳರವರೆಗೆ ಮೈದಾನ ಮಕ್ಕಳದು, ಭಾನುವಾರ ಬೆಳಿಗ್ಗೆ ನೆರೆಕೆರೆಯವರದು. ಬೇಸಿಗೆಯ ಮಧ್ಯಾಹ್ನ ಆಟ ಬೇಡ. ರಬ್ಬರ್ ಹರಳಿನ ಬದಲು ಮರಳು ತುಂಬಲಿ. ಬಾಡಿಗೆಯ ಹಣದಲ್ಲಿ ಒಂದು ಪಾಲು ಮುಂದಿನ ಹಾಸಿಗೆಂದು ಬೇರೆ ಖಾತೆಯಲ್ಲಿ ಉಳಿಯಲಿ, ಹತ್ತು ವರ್ಷದ ಮೇಲೆ ಅದು ಯಾರ ಫೀಸಿನ ಮೇಲೂ ಬೀಳಬಾರದು.

ನಿಮ್ಮ ಮಕ್ಕಳ ಶಾಲೆಯಲ್ಲೂ ಇಂಥ ಪ್ರಸ್ತಾವ ಬಂದರೆ ಹಾಸಿನ ಬಣ್ಣ, ಬೆಲೆ ಕೇಳುವ ಮೊದಲು ವೇಳಾಪಟ್ಟಿ ಕೇಳಿ. ಅದೂ ಬರವಣಿಗೆಯಲ್ಲಿ.