‘ಬಿಹೈಂಡ್’ ಎಂದರೆ ಯಾವ ಹಿಂದೆ?

ಅರಸೀಕೆರೆ: ಇಂಗ್ಲಿಷಿನ ‘ಬಿಹೈಂಡ್’ ಪದಕ್ಕೆ ‘ಹಿಂದೆ’ ಎಂಬ ಅರ್ಥವನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ತೊಡಕು ಆರಂಭವಾಗುವುದೇ ಇಲ್ಲಿ. ಕನ್ನಡದ ‘ಹಿಂದೆ’ ಸ್ಥಳವನ್ನೂ ಸೂಚಿಸುತ್ತದೆ, ಕಳೆದುಹೋದ ಕಾಲವನ್ನೂ ಸೂಚಿಸುತ್ತದೆ. ‘ಇಷ್ಟು ಕಾಲದ ಹಿಂದೆ’ ಎನ್ನಲು ಇಂಗ್ಲಿಷಿನ ಪದ ಸಲ್ಲದು. ಬೇಲೂರು, ಹಳೇಬೀಡು ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಪರದೇಶದ ಪ್ರವಾಸಿಗರಿಗೆ ದಾರಿ ಹೇಳುವವರು ಈ ವ್ಯತ್ಯಾಸವನ್ನು ಅರಿತಿರುವುದು ಒಳ್ಳೆಯದು.

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಿಂದ ಹಾಸನ, ಮೈಸೂರಿನ ಕಡೆಗೆ ಕವಲೊಡೆಯುವುದು ಅರಸೀಕೆರೆ ಜಂಕ್ಷನ್‌ನಲ್ಲಿ. ‘ರೈಲು ಒಂದು ಗಂಟೆಯ ಹಿಂದೆ ಹೋಯಿತು’ ಎನ್ನಬೇಕಾದವರು ‘ಒನ್ ಅವರ್ ಬಿಹೈಂಡ್’ ಎಂದರೆ, ಕೇಳಿದವರು ರೈಲು ಒಂದು ಗಂಟೆ ತಡವಾಗಿ ಬರಲಿದೆ ಎಂದು ತಿಳಿದು ಪ್ಲಾಟ್‌ಫಾರ್ಮ್‌ನಲ್ಲಿಯೇ ಕಾಯುತ್ತಾರೆ! ಕಳೆದ ಕಾಲಕ್ಕೆ ‘ಅಗೊ’ ಎನ್ನಬೇಕು. ಗಂಟೆಗಳ ಲೆಕ್ಕದಲ್ಲಿ ‘ಬಿಹೈಂಡ್’ ಎಂದರೆ ವಿಳಂಬ.

ಸ್ಥಳದ ಅರ್ಥವೂ ಅಷ್ಟು ಸರಳವಲ್ಲ. ಮರಕ್ಕೆ ಮುಖವಿಲ್ಲ, ಆದ್ದರಿಂದ ಮರದ ‘ಹಿಂದೆ’ ಎಂದರೆ ನೋಡುವವನಿಗೆ ಆಚೆಯ ಬದಿ. ದೇವಾಲಯಕ್ಕಾದರೋ ತನ್ನದೇ ಮುಖವುಂಟು. ಬೇಲೂರಿನಲ್ಲಿ ಗೊಂದಲವಿಲ್ಲ. ಪೂರ್ವದ ರಾಜಗೋಪುರದಿಂದ ಒಳಬಂದವರಿಗೆ ಚೆನ್ನಕೇಶವ ದೇವಾಲಯ ಎದುರಿಗೆ, ವೀರನಾರಾಯಣ ಗುಡಿ ಅದರ ಹಿಂದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಹಾಗಲ್ಲ. ಅಲ್ಲಿಯ ಎರಡೂ ಗರ್ಭಗುಡಿಗಳು ಪೂರ್ವಾಭಿಮುಖವಾಗಿದ್ದು, ನಂದಿ ಮಂಟಪಗಳು ಅವುಗಳ ಮುಂದಿವೆ. ಆದರೆ ಪ್ರವಾಸಿಗರು ಈಗ ಸಾಮಾನ್ಯವಾಗಿ ಬಳಸುವುದು ಉತ್ತರದ ಬಾಗಿಲನ್ನು. ಪಶ್ಚಿಮದ ಗೋಡೆಯ ಶಿಲ್ಪಗಳನ್ನು ನೋಡುತ್ತ ನಿಂತವರಿಗಂತೂ ನಂದಿ ಮಂಟಪಗಳು ಕಟ್ಟಡದ ಹಿಂದೆ ಇದ್ದಂತೆ ತೋರುತ್ತವೆ. ಅಲ್ಲಿ ‘ಬಿಹೈಂಡ್ ದಿ ಟೆಂಪಲ್’ ಎಂದರೆ ಒಬ್ಬರಿಗೆ ಪೂರ್ವ, ಮತ್ತೊಬ್ಬರಿಗೆ ಪಶ್ಚಿಮ. ದಿಕ್ಕನ್ನು ಹೆಸರಿಸಿ ಹೇಳುವುದೇ ಸರಿಯಾದ ಕ್ರಮ.

ಉಳಿದ ಬಳಕೆಗಳಲ್ಲಿ ಎರಡೂ ಭಾಷೆಗಳು ಜೊತೆಯಾಗಿಯೇ ನಡೆಯುತ್ತವೆ. ಸಂಚಿನ ‘ಹಿಂದೆ’ ಯಾರಿದ್ದಾರೆ ಎಂದು ಕನ್ನಡಿಗರೂ ಕೇಳುತ್ತಾರೆ, ಓದಿನಲ್ಲಿ ‘ಹಿಂದೆ’ ಬೀಳುವುದೂ ಉಂಟು. ‘ಐ ಆ್ಯಮ್ ಬಿಹೈಂಡ್ ಯೂ’ ಎಂಬುದಕ್ಕೆ ಮಾತ್ರ ಸಂದರ್ಭ ನೋಡಿ ‘ನಿಮ್ಮ ಬೆನ್ನಿಗಿದ್ದೇನೆ’ ಎಂದು ಅರ್ಥೈಸಬೇಕಾಗುತ್ತದೆ.

ವಿಳಾಸಗಳಲ್ಲಿ ಕಾಣುವ ‘ಬಿಹೈಂಡ್ ಬಸ್ ಸ್ಟ್ಯಾಂಡ್’ ಸರಿಯಾದ ಪ್ರಯೋಗ. ನಡುವೆ ‘ಆಫ್’ ಸೇರಿಸಬಾರದು. ಆದರೆ ಹಿಂಭಾಗ ಎಂಬುದಕ್ಕೆ ನಮ್ಮಲ್ಲಿ ಧಾರಾಳವಾಗಿ ಬಳಸುವ ‘ಬ್ಯಾಕ್‌ಸೈಡ್’ ಪದಕ್ಕೆ ಇಂಗ್ಲಿಷ್ ಮನೆಮಾತಿನವರಲ್ಲಿ ರೂಢಿಯ ಅರ್ಥ ಪೃಷ್ಠ ಎಂದು. ಹೋಟೆಲಿನ ‘ಬ್ಯಾಕ್‌ಸೈಡ್’ನಲ್ಲಿ ಕಾರು ನಿಲ್ಲಿಸಿರೆಂದರೆ ಅತಿಥಿಗಳು ಮುಸಿಮುಸಿ ನಗುವುದು ಇದಕ್ಕೇ.