ಗಾಜಿಗೆ ಗಾಜು ಬೆಸೆಯುವ ಕಲೆ: ಕಾಯಿಸುವುದಕ್ಕಿಂತ ತಣಿಸುವುದೇ ಕಷ್ಟ

ಒಡೆದ ಗಾಜು ಮತ್ತೆ ಕೂಡದು ಎಂಬುದು ರೂಢಿಯ ಮಾತು. ಕುಲುಮೆಯೊಳಗೆ ಈ ಮಾತು ಸುಳ್ಳಾಗುತ್ತದೆ. ಬಣ್ಣದ ಗಾಜಿನ ತುಣುಕುಗಳನ್ನು ಅಂಟಿನ ಹಂಗಿಲ್ಲದೆ, ಶಾಖವೊಂದರಿಂದಲೇ ಒಂದಾಗಿಸುವ ವಿಧಾನವೇ ಫ್ಯೂಸ್ಡ್ ಗ್ಲಾಸ್. ಚರ್ಚುಗಳ ಕಿಟಕಿಗಳಲ್ಲಿ ತುಣುಕುಗಳನ್ನು ಸೀಸದ ಪಟ್ಟಿ ಹಿಡಿದಿಟ್ಟಿರುತ್ತದೆ. ಇಲ್ಲಿ ಆ ಪಟ್ಟಿಯೂ ಇಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಮೆಡಿಟರೇನಿಯನ್ ತೀರದ ಕುಶಲಕರ್ಮಿಗಳು ಇದೇ ತತ್ವದಿಂದ ಬಣ್ಣದ ಬಟ್ಟಲುಗಳನ್ನು ತಯಾರಿಸಿದ್ದರು.

ಕೆಲಸದ ಆರಂಭ ಸರಳ. ಗಾಜನ್ನು ಗೀರಿ ಮುರಿದು, ಬೆರಳಚ್ಚೂ ಉಳಿಯದಂತೆ ಒರೆಸಿ, ಕುಲುಮೆಯ ಹಲಗೆಯ ಮೇಲೆ ವಿನ್ಯಾಸದಂತೆ ಜೋಡಿಸಲಾಗುತ್ತದೆ. ಗಾಜು ಹಲಗೆಗೆ ಅಂಟದಿರಲು ಮೊದಲೇ ಬಿಳಿ ಮಣ್ಣಿನ ಲೇಪ ಬಳಿದಿರಬೇಕು. ನಂತರ ಶಾಖವನ್ನು ನಿಧಾನವಾಗಿ ಏರಿಸಲಾಗುತ್ತದೆ. ಸುಮಾರು 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಣುಕುಗಳು ಪರಸ್ಪರ ಕಚ್ಚಿಕೊಳ್ಳುತ್ತವೆ, ಉಬ್ಬುತಗ್ಗು ಹಾಗೆಯೇ ಉಳಿಯುತ್ತದೆ. 800 ದಾಟಿದರೆ ಎಲ್ಲವೂ ಕರಗಿ ಸಮತಟ್ಟಾದ ಒಂದೇ ಫಲಕವಾಗುತ್ತದೆ. ಬಟ್ಟಲಿನ ಆಕಾರ ಬೇಕಿದ್ದರೆ ಆ ಫಲಕವನ್ನು ಅಚ್ಚಿನ ಮೇಲಿಟ್ಟು, ಸುಮಾರು 650 ಡಿಗ್ರಿಗೆ ಎರಡನೆಯ ಬಾರಿ ಕಾಯಿಸಬೇಕು.

ಕರಗಿದ ಗಾಜಿಗೂ ಒಂದು ಹಟವಿದೆ. ಅದು ಸುಮಾರು 6 ಮಿಲಿಮೀಟರ್ ದಪ್ಪದಲ್ಲಿಯೇ ನೆಲೆನಿಲ್ಲಲು ಬಯಸುತ್ತದೆ. ತೆಳುವಾಗಿದ್ದರೆ ಅಂಚುಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ, ದಪ್ಪವಾಗಿದ್ದರೆ ಹೊರಕ್ಕೆ ಹರಡುತ್ತವೆ. ಆದ್ದರಿಂದಲೇ 3 ಮಿಲಿಮೀಟರ್‌ನ ಎರಡು ಪದರ ಬಳಸುವುದು ವಾಡಿಕೆ.

ನಿಜವಾದ ಪರೀಕ್ಷೆ ಇರುವುದು ತಣಿಸುವಾಗ. ಹೊರಮೈ ಬೇಗ ಆರಿ ಒಳಭಾಗ ಬಿಸಿಯಾಗಿಯೇ ಉಳಿದರೆ ಗಾಜಿನೊಳಗೆ ಬಿಗುವು ಸೇರಿಕೊಳ್ಳುತ್ತದೆ. ಇದನ್ನು ತಪ್ಪಿಸಲು ನಿರ್ದಿಷ್ಟ ಉಷ್ಣತೆಯಲ್ಲಿ ಕುಲುಮೆಯನ್ನು ತಡೆದು ನಿಲ್ಲಿಸುವ ಕ್ರಿಯೆಗೆ ಅನೀಲಿಂಗ್ ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1974ರಲ್ಲಿ ಆರಂಭವಾದ ಬುಲ್ಸ್‌ಐ ಕಂಪನಿಯ ಗಾಜಿಗೆ ಈ ಉಷ್ಣತೆ 482 ಡಿಗ್ರಿ. 6 ಮಿಲಿಮೀಟರ್ ಫಲಕಕ್ಕೆ ಒಂದು ಗಂಟೆ. ದಪ್ಪ ಎರಡರಷ್ಟಾದಾಗ ತಣಿಸುವ ವೇಗವನ್ನು ಅರ್ಧಕ್ಕಿಳಿಸಿದರೂ ಸಾಲದು. ಆತುರಪಟ್ಟು ಬಾಗಿಲು ತೆರೆದವರ ಕೈಗೆ ಸಿಗುವುದು ಬಹುಮಟ್ಟಿಗೆ ಚೂರುಗಳೇ.

ತಾಳ್ಮೆಯಿಂದ ತಣಿಸಿದರೂ ಒಡೆಯುವುದುಂಟು. ಪ್ರತಿ ಗಾಜೂ ಬಿಸಿಗೆ ಹಿಗ್ಗಿ, ತಣ್ಣಗಾದಾಗ ಕುಗ್ಗುವ ಪ್ರಮಾಣ ಬೇರೆ. ಕಲಾವಿದರು ಅದನ್ನು 90, 96 ಮುಂತಾದ ಸಂಖ್ಯೆಗಳಿಂದ ಗುರುತಿಸುತ್ತಾರೆ. ಇವೆರಡನ್ನು ಬೆಸೆದರೆ ಒಂದು ಇನ್ನೊಂದನ್ನು ಎಳೆಯತೊಡಗುತ್ತದೆ. ಬಿರುಕು ಅಂದೇ ಕಾಣಬಹುದು, ಕೊಂಡವರ ಮನೆ ಸೇರಿದ ಎಷ್ಟೋ ದಿನಗಳ ನಂತರವೂ ಕಾಣಬಹುದು. ಕಿಟಕಿ ಗಾಜಿನ ಜೊತೆ ಬಾಟಲಿ ಚೂರು ಸೇರಿಸಿ ಪ್ರಯೋಗಕ್ಕಿಳಿಯುವವರು ಎಡವುವುದು ಇಲ್ಲಿಯೇ. ಒಂದೇ ಹಾಳೆಯಿಂದ ಕತ್ತರಿಸಿದ ತುಣುಕುಗಳಾದರೆ ಈ ಭಯವಿಲ್ಲ. ಪರಸ್ಪರ ಹೊಂದುವಂತೆ ಪರೀಕ್ಷಿಸಿದ ಬಣ್ಣದ ಹಾಳೆಗಳು 1980ರ ದಶಕದಿಂದ ದೊರೆಯತೊಡಗಿದ ಮೇಲೆಯೇ ಈ ಕಲೆ ಸ್ಟುಡಿಯೊಗಳಲ್ಲಿ ಬೇರೂರಿತು. ಜರ್ಮನಿಯಲ್ಲಿ ಹುಟ್ಟಿದ ಕ್ಲಾಸ್ ಮೋಯೆ 1982ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಕಲಾಶಾಲೆಯಲ್ಲಿ ಗಾಜಿನ ವಿಭಾಗ ಆರಂಭಿಸಿ, ಪಟ್ಟಿಗಳನ್ನು ಬೆಸೆದ ಕೃತಿಗಳಿಂದ ಹೆಸರಾದರು.

ಕಣ್ಣಿಗೆ ಕಾಣದ ಬಿಗುವನ್ನು ಪತ್ತೆಹಚ್ಚಲು ಸುಲಭ ಉಪಾಯವಿದೆ. ಅಡ್ಡಡ್ಡವಾಗಿರಿಸಿದ ಎರಡು ಪೋಲರೈಸಿಂಗ್ ಫಿಲ್ಟರ್‌ಗಳ ನಡುವೆ ಗಾಜನ್ನು ಹಿಡಿದು ಬೆಳಕು ಹಾಯಿಸಿದರೆ, ಹೊಂದದ ತುಣುಕಿನ ಸುತ್ತ ಬಿಳಿಯ ಪ್ರಭೆ ಕಾಣುತ್ತದೆ. ಅಂಥ ಕೃತಿಯನ್ನು ಮಾರಾಟಕ್ಕಿಡುವಂತಿಲ್ಲ.

ಎಲ್ಲವೂ ಹೊಂದಿದಾಗಲೂ ಕುಲುಮೆ ಒಮ್ಮೊಮ್ಮೆ ತನ್ನದೇ ಗೆರೆ ಎಳೆಯುತ್ತದೆ. ತಾಮ್ರದ ಅಂಶವಿರುವ ಹಸಿರುನೀಲಿ ಗಾಜು ಗಂಧಕದ ಅಂಶವಿರುವ ಕೆನೆಬಣ್ಣದ ಗಾಜಿಗೆ ತಾಗಿದಲ್ಲಿ ಕಡುಕಂದು ಅಂಚು ಮೂಡುತ್ತದೆ. ಹೊಸಬರು ಅದನ್ನು ಕಲೆಯೆಂದು ಬಗೆದು ಗಾಬರಿಗೊಳ್ಳುತ್ತಾರೆ; ಪಳಗಿದವರು ಬೇಕೆಂದೇ ಅವೆರಡನ್ನು ಪಕ್ಕಪಕ್ಕದಲ್ಲಿ ಜೋಡಿಸುತ್ತಾರೆ.